ಎರಡು ಮೋರ್ಸಿಂಗ್‌ನಲ್ಲಿ ಹರಿಕಾಂಭೋಜಿ: ನನ್ನ ಅನುಭವ

ಮೋರ್ಸಿಂಗ್‌ನಲ್ಲಿ (ಹಲ್ಲಿಗೆ ಒತ್ತಿ ಹಿಡಿದು ಬೆರಳಲ್ಲಿ ಮೀಟುವ ಪುಟ್ಟ ಕಬ್ಬಿಣದ ವಾದ್ಯ) ಹರಿಕಾಂಭೋಜಿಯಂಥ ಏಳು ಸ್ವರದ ರಾಗ ನುಡಿಸುತ್ತೇನೆ ಅಂದಾಗ ಜೊತೆಯವರೆಲ್ಲ ಸುಮ್ನೆ ಯಾಕೆ ಅಂದರು. ಅದು ಉಪಪಕ್ಕವಾದ್ಯ (ಕಛೇರಿಯಲ್ಲಿ ಮೃದಂಗದ ನಂತರದ ಪಕ್ಕವಾದ್ಯ), ತನಿಯಲ್ಲಿ (ತಾಳವಾದ್ಯಗಳಷ್ಟೇ ನುಡಿಯುವ ಭಾಗದಲ್ಲಿ) ಮೃದಂಗಕ್ಕೆ ಉತ್ತರ ಕೊಟ್ಟರೆ ಸಾಕು ಅಂತ. ಘಟ ನುಡಿಸುವ ಸುಕನ್ಯಾ ರಾಮಗೋಪಾಲ್ ಬೇರೆ ಬೇರೆ ಶ್ರುತಿಯ ಘಟಗಳನ್ನು ಸಾಲಾಗಿಟ್ಟು ಘಟತರಂಗ ನುಡಿಸುವುದನ್ನು ಕೇಳಿದ ಮೇಲೂ ಹೀಗಂದರೆ ಹೇಗೆ? ಹೋದ ವರ್ಷ ಒಂದು ನಾಟಕದ ಪೂರ್ತಿ ಹಿನ್ನೆಲೆಯನ್ನು ಬರೀ ಮೋರ್ಸಿಂಗ್ ಮತ್ತು ಕೊನ್ನಕೋಲಿನಲ್ಲೇ (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು) ಮಾಡಿದೆ. ಹಾರ್ಮೋನಿಯಂ ಇಲ್ಲ, ಟ್ರ್ಯಾಕ್ ಇಲ್ಲ. ಈಗ ಅದೇ ಜನ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ನುಡಿಸುವವರಿಗೆ ಗೊತ್ತೇ ಇದೆ, ವಾದ್ಯದ ಒಂದೇ ನಾಲಿಗೆಯಲ್ಲಿ (ನಡುವೆ ಮಿಡಿಯುವ ಲೋಹದ ಪಟ್ಟಿ) ಬಾಯಿಯ ಆಕಾರ ಬದಲಿಸಿದರೆ ಸ, ಪ, ಗ ಸಲೀಸಾಗಿ ಸಿಗುತ್ತವೆ. ಇನ್ನೂ ಮೇಲೆ ಹೋದರೆ ರಿ ಇದೆ. ನಿ ಕೂಡ ಇದೆ, ಈ ರಾಗಕ್ಕೆ ಬೇಕಾದ ಕೈಶಿಕಿ ನಿಷಾದಕ್ಕಿಂತ ಒಂದು ಚೂರು ಇಳಿದಿರುತ್ತದೆ ಅಷ್ಟೆ. ಮ ಮತ್ತು ದ ಮಾತ್ರ ಸರಿಯಾದ ಜಾಗದಲ್ಲಿ ಬರುವುದೇ ಇಲ್ಲ. ಅದಕ್ಕೆ ಒಂದರ ಶ್ರುತಿಯ (C) ಮೋರ್ಸಿಂಗ್ ಒಂದು, ನಾಲ್ಕರ ಶ್ರುತಿಯದು (F, ಅಂದರೆ ಮೊದಲನೆಯದರ ಮ) ಇನ್ನೊಂದು ಇಟ್ಟುಕೊಂಡೆ. ಎರಡನೆಯದರ ಸ, ರಿ, ಗ ನನಗೆ ಮ, ಪ, ದ ಆಗುತ್ತವೆ. ಅದರ ಪಂಚಮವೇ ಮೇಲಿನ ಸ. ನಿಷಾದಕ್ಕೆ ಮಾತ್ರ ಮೊದಲನೆಯದಕ್ಕೆ ವಾಪಸ್ ಬರಬೇಕು. ಎರಡನ್ನೂ ಎಡಗೈಯಲ್ಲೇ ಒಂದರ ಮೇಲೊಂದು ಹಿಡಿದು, ನಡುವೆ ತೋರುಬೆರಳು ಇಟ್ಟು, ಮಣಿಕಟ್ಟನ್ನು ಸ್ವಲ್ಪ ಇಳಿಸಿದರೆ ಇನ್ನೊಂದು ಹಲ್ಲಿಗೆ ಬಂದು ಕೂರುತ್ತದೆ. ಸರಿಗ ಒಂದರಲ್ಲಿ, ಮಪದ ಇನ್ನೊಂದರಲ್ಲಿ. ಮೋಹನ ರಾಗಕ್ಕೆ ನಿಷಾದದ ಕಾಟವೂ ಇಲ್ಲ, ಇನ್ನೂ ಸುಲಭ.

ದುಡ್ಡು ಹೋಗಿದ್ದೆಲ್ಲ ಶ್ರುತಿ ಸೇರಿಸುವುದಕ್ಕೆ. ನಾಲಿಗೆಯ ತುದಿಯನ್ನು ಅರದಿಂದ ಉಜ್ಜಿದರೆ ಶ್ರುತಿ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ, ಆದರೆ ಬುಡದಲ್ಲಿ ಒಂದೆಳೆ ಜಾಸ್ತಿಯಾದರೂ ನುಡಿಸುವಾಗ ಪಟ್ ಅಂತ ಮುರಿಯುತ್ತದೆ. ಹಾಗೆ ಮುರಿದವು, ಕೆಟ್ಟವು ಎಲ್ಲ ಸೇರಿ 14-15 ಸಾವಿರ ಆಗಿರಬೇಕು. ಕೊನೆಗೆ ಮೇಣಕ್ಕೇ ಬಂದೆ. ಶ್ರುತಿ ಸ್ವಲ್ಪ ಏರಿರುವುದನ್ನೇ ಕೊಂಡು ತುದಿಗೆ ಮೇಣ ಮೆತ್ತಿ ಇಳಿಸುವುದು, ಹೆಚ್ಚಾದರೆ ಉಗುರಲ್ಲಿ ಕೆರೆದು ತೆಗೆಯುವುದು. ಬರೀ ಜೇನುಮೇಣ ರಂಗದ ದೀಪದ ಬಿಸಿಗೆ ನಿಲ್ಲಲಿಲ್ಲ, ತಾಲೀಮಿನಲ್ಲಿ ಅರ್ಧ ದಾರಿಗೇ ಉದುರಿ ಶ್ರುತಿ ಏರಿಬಿಡುತ್ತಿತ್ತು. ಈಗ ಅದಕ್ಕೆ ಇನ್ನೊಂದು ಬೆರೆಸುತ್ತೇನೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ, ಅಷ್ಟು ಕಷ್ಟಪಟ್ಟು ಕಂಡುಕೊಂಡದ್ದು.

ಮೋರ್ಸಿಂಗಿನ ಉಂಗುರಕ್ಕೆ ಪೀಜೋ ಮೈಕ್ (ಅಂಟಿಸಿದ ವಸ್ತುವಿನ ಕಂಪನವನ್ನೇ ಹಿಡಿಯುವ ಮೈಕ್) ಅಂಟಿಸಿಯೂ ನೋಡಿದೆ. ಬರೀ ಜೊಂಯ್ ಅನ್ನುತ್ತದೆ, ಸ್ವರವೇ ಇಲ್ಲ. ಸ್ವರ ಎದ್ದು ಕಾಣುವುದು ಬಾಯೊಳಗೆ ಅಲ್ವಾ, ಕಬ್ಬಿಣದಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು. ಮಾಮೂಲಿ ಹಾಡುವ ಮೈಕನ್ನು ಎರಡು ಬೆರಳು ದೂರ ಹಿಡಿಯಿರಿ, ಸಾಕು.

ನನ್ನ ಹೊಟ್ಟೆಪಾಡು ಅನಿಮೇಷನ್. ಅಲ್ಲಿ ಕೊನ್ನಕೋಲು ದಿನಾ ಕೆಲಸಕ್ಕೆ ಬರುತ್ತದೆ. ಸೆಕೆಂಡಿಗೆ 24 ಫ್ರೇಮ್, ತಾಳದ ಒಂದು ಅಕ್ಷರಕ್ಕೆ ಒಂದು ಸೆಕೆಂಡ್ ಇಟ್ಟುಕೊಂಡರೆ ಚತುರಶ್ರದಲ್ಲಿ (ಅಕ್ಷರಕ್ಕೆ ನಾಲ್ಕು ಮಾತ್ರೆ) ಮಾತ್ರೆಗೆ 6 ಫ್ರೇಮ್, ತಿಶ್ರದಲ್ಲಿ (ಮೂರು ಮಾತ್ರೆ) 8. ನಡಿಗೆ ಬರೆಯುವಾಗ ತಕದಿಮಿ ಹೇಳಿಕೊಂಡೇ ಕಾಲು ಎಲ್ಲಿ ಊರಬೇಕು ಅಂತ ಗುರುತು ಹಾಕುತ್ತೇನೆ. ಖಂಡ (ಐದು ಮಾತ್ರೆ) 24ಕ್ಕೆ ಕೂರುವುದಿಲ್ಲ, 25 ಫ್ರೇಮಿನ ಕೆಲಸ ಬಂದರೆ ಸರಿಯಾಗಿ ಐದೈದು. ಕುಂಟುವ ಮುದುಕನೊಬ್ಬನ ನಡಿಗೆಯನ್ನು ತಕತಕಿಟದಲ್ಲೇ ಬರೆದೆ, ಒಂದು ಕಾಲಿಗೆ ಎರಡು, ಇನ್ನೊಂದಕ್ಕೆ ಮೂರು. ಸ್ಟುಡಿಯೋದಲ್ಲಿ ಒಂದೇ ಸಲಕ್ಕೆ ಒಪ್ಪಿದರು. ಆ ನಾಟಕದವರು ನನ್ನನ್ನು ಕರೆದದ್ದೂ ಅದನ್ನು ನೋಡಿಯೇ. ಕೊಟ್ಟದ್ದು 20 ಸಾವಿರದ ಹತ್ತಿರ. ಮೋರ್ಸಿಂಗ್‌ಗೆ ಹಾಕಿದ ದುಡ್ಡು ಅಲ್ಲಿಗೆ ವಾಪಸ್ ಬಂತು.

ಈಗ ಶಂಕರಾಭರಣ ರಾಗ ಹಿಡಿದಿದ್ದೇನೆ. ಅದರ ಕಾಕಲಿ ನಿಷಾದಕ್ಕೆ (ಕೈಶಿಕಿಗಿಂತ ಮೇಲಿನ ನಿ) ಪಂಚಮದ ಶ್ರುತಿಯದು ಮೂರನೆಯ ಮೋರ್ಸಿಂಗ್ ಬೇಕು, ಅದರ ಗಾಂಧಾರವೇ ಕಾಕಲಿಯಾಗಿ ಚೆನ್ನಾಗಿ ಸಿಗುತ್ತದೆ. ಮೂರನ್ನೂ ಒಂದೇ ಕೈಯಲ್ಲಿ ಹಿಡಿಯುವುದು ಇನ್ನೂ ಹದಕ್ಕೆ ಬಂದಿಲ್ಲ. ಯಾರಾದರೂ ಮಾಡಿದ್ದರೆ ತಿಳಿಸಿ.