ಪಿಡಿಎಫ್ ಫಾರಂ ತುಂಬಿದ ಮೇಲೆ ಬಾಕ್ಸು, ಬಣ್ಣ ಕಾಣಬಾರದು ಅಂದ್ರೆ ಏನು ಮಾಡಬೇಕು?

ಫಾರಂ ಡೌನ್‌ಲೋಡ್ ಮಾಡಿ, ಕಂಪ್ಯೂಟರ್‌ನಲ್ಲೇ ತುಂಬಿ ಮೇಲ್ ಮಾಡಿರುತ್ತೀರಿ. ಆ ಕಡೆಯವರು ತೆರೆದು ನೋಡಿದರೆ ನಿಮ್ಮ ಹೆಸರಿನ ಸುತ್ತ ಕೆಂಪು ಚೌಕ, ಇಲ್ಲವೇ ಪೂರ್ತಿ ಖಾಲಿ ಫಾರಂ! ಕಾರಣ ಇಷ್ಟೇ. ನೀವು ಟೈಪ್ ಮಾಡಿದ್ದು ಪುಟದೊಳಗೆ ಇಳಿದಿಲ್ಲ, ಮೇಲೆ ಅಂಟಿಸಿದ ಚೀಟಿಯ ಹಾಗೆ ಕೂತಿದೆ. ಆ ಚೀಟಿಯನ್ನು ಕೆಲವು ಆ್ಯಪ್‌ಗಳು ತೋರಿಸುತ್ತವೆ, ಕೆಲವು ತೋರಿಸುವುದಿಲ್ಲ. ಅದನ್ನು ಪುಟದೊಳಗೆ ಇಳಿಸುವುದಕ್ಕೆ ಫ್ಲ್ಯಾಟನ್ ಅಂತಾರೆ.

ಮೊದಲು ಫಾರಂ ಯಾವ ಥರದ್ದು ನೋಡಿ. ಖಾಲಿ ಜಾಗದ ಮೇಲೆ ಕ್ಲಿಕ್ ಮಾಡಿದಾಗ ಕರ್ಸರ್ ಮಿನುಗಿದರೆ ಅದು ತುಂಬಲೆಂದೇ ಮಾಡಿದ ಫಾರಂ, ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. ಅಡೋಬಿಯವರ ಪಿಡಿಎಫ್ ಆ್ಯಪ್ ಅಕ್ರೋಬ್ಯಾಟ್ ರೀಡರ್‌ನಲ್ಲಿ ಆ ಜಾಗಗಳು ತಿಳಿ ನೀಲಿಯಾಗಿ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಆ ಬಣ್ಣ ಪರದೆಗೆ ಮಾತ್ರ, ಪ್ರಿಂಟ್‌ನಲ್ಲಿ ಬರಲ್ಲ. ಬ್ರೌಸರ್‌ನಲ್ಲಿ ತೆರೆದಾಗ ‘ಪ್ಲೀಸ್ ವೇಟ್’ ಅಂತ ಮಾತ್ರ ಬಂದರೆ ಕಾಯಬೇಡಿ, ಎಷ್ಟು ಹೊತ್ತಾದರೂ ಅದು ಬದಲಾಗಲ್ಲ. ಅದು ಎಕ್ಸ್‌ಎಫ್‌ಎ ಅನ್ನೋ ಹಳೇ ಬಗೆಯ ಫಾರಂ. ಕಂಪ್ಯೂಟರ್‌ನ ಅಕ್ರೋಬ್ಯಾಟ್ ರೀಡರ್‌ನಲ್ಲೇ ತೆರೆಯಿರಿ.

ಕರ್ಸರ್ ಬರಲಿಲ್ಲವಾ? ಆಗ ಬಹಳ ಜನ ಸೀದಾ ಟಿಪ್ಪಣಿ ಬರೆಯಲು ಇರುವ ಕಾಮೆಂಟ್ ಟೂಲ್‌ಗೆ ಹೋಗುತ್ತಾರೆ. ಕೆಂಪು ಚೌಕ ಹುಟ್ಟುವುದೇ ಅಲ್ಲಿ. ಅದರ ಬದಲು ರೀಡರ್‌ನಲ್ಲೇ ಪುಕ್ಕಟೆ ಸಿಗುವ ‘ಫಿಲ್ ಆ್ಯಂಡ್ ಸೈನ್’ ಬಳಸಿ, ಅಂಚು ಗಿಂಚು ಏನೂ ಇಲ್ಲದೆ ಬರೀ ಅಕ್ಷರ ಬೀಳುತ್ತದೆ. ಫೈರ್‌ಫಾಕ್ಸ್‌ನಲ್ಲೂ 2022ರಿಂದ ಪಿಡಿಎಫ್ ಮೇಲೆ ಟೈಪ್ ಮಾಡುವ ಟೂಲ್ ಇದೆ. ಬಣ್ಣ ಕಪ್ಪು ಇಟ್ಟುಕೊಂಡು, ಅಕ್ಷರದ ಗಾತ್ರವನ್ನು ಫಾರಂನ ಅಕ್ಷರಕ್ಕೆ ಹೊಂದಿಸಿ.

ಈಗ ಮುಖ್ಯ ಕೆಲಸ, ಫ್ಲ್ಯಾಟನ್. ಸೇವ್ ಮಾಡಿ ಹಾಗೇ ಕಳಿಸಬೇಡಿ. ಕಂಟ್ರೋಲ್ ಪಿ ಒತ್ತಿ, ಪ್ರಿಂಟರ್ ಜಾಗದಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿ, ಕ್ರೋಮ್ ಆದರೆ ‘ಸೇವ್ ಆ್ಯಸ್ ಪಿಡಿಎಫ್’. ರೀಡರ್‌ನ ಪ್ರಿಂಟ್ ಕಿಟಕಿಯಲ್ಲಿ ‘ಕಾಮೆಂಟ್ಸ್ ಆ್ಯಂಡ್ ಫಾರ್ಮ್ಸ್’ ಅಂತ ಒಂದು ಆಯ್ಕೆ ಇರುತ್ತದೆ, ಅಲ್ಲಿ ‘ಡಾಕ್ಯುಮೆಂಟ್ ಆ್ಯಂಡ್ ಮಾರ್ಕಪ್ಸ್’ ಇರಲಿ, ಬರೀ ‘ಡಾಕ್ಯುಮೆಂಟ್’ ಇಟ್ಟರೆ ಕಾಮೆಂಟ್ ಟೂಲ್‌ನಲ್ಲಿ ಬರೆದದ್ದು ಹಾರಿಹೋಗುತ್ತದೆ. ಅಳತೆ ‘ಆ್ಯಕ್ಚುವಲ್ ಸೈಜ್’, ಇಲ್ಲದಿದ್ದರೆ ಪುಟ ಕುಗ್ಗಬಹುದು. ಹೊಸ ಫೈಲ್ ತೆರೆದು ನಿಮ್ಮ ಹೆಸರಿನ ಮೇಲೆ ಕ್ಲಿಕ್ ಮಾಡಿ. ಬಾಕ್ಸ್ ಎದ್ದು ಬರದಿದ್ದರೆ ಸರಿಯಾಗಿದೆ. ಹಳೇ ಫೈಲ್ ಮಾತ್ರ ಅಳಿಸಬೇಡಿ, ಏನಾದರೂ ತಿದ್ದಬೇಕು ಅಂದರೆ ಅದೇ ಬೇಕು.

ಇಂಗ್ಲಿಷ್ ಫಾರಂಗೆ ಇಷ್ಟು ಸಾಕು. ಕನ್ನಡದಲ್ಲಿ ತುಂಬಲು ಹೊರಟರೆ ಕಥೆಯೇ ಬೇರೆ. ಫಾರಂನವರು ಆ ಜಾಗಕ್ಕೆ ಕೊಟ್ಟ ಫಾಂಟ್‌ನಲ್ಲಿ ಕನ್ನಡ ಅಕ್ಷರವೇ ಇಲ್ಲದಿದ್ದರೆ ‘ಕೃಷ್ಣಪ್ಪ’ ಅಂತ ಬರೆದಾಗ ಒತ್ತಕ್ಷರ ಬಿಟ್ಟುಹೋಗಬಹುದು, ಬರೀ ಚೌಕಗಳೂ ಬರಬಹುದು. ನುಡಿ, ಬರಹದ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪಿಸಿದ್ದನ್ನು ಪೇಸ್ಟ್ ಮಾಡಿದರಂತೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ.

ಅದೂ ಕೈಕೊಟ್ಟರೆ ನನಗೆ ಹಿಡಿಸಿದ ದಾರಿ ಇದು. ಫಾರಂನ ಪುಟವನ್ನು ಚಿತ್ರವಾಗಿ ಸೇವ್ ಮಾಡಿ, ಚಿತ್ರದ ಸ್ಪಷ್ಟತೆ 300 ಡಿಪಿಐ ಇದ್ದರೆ ಒಳ್ಳೆಯದು. ವರ್ಡ್‌ನಲ್ಲಿ ಎ4 ಪುಟ ತೆಗೆದು ಆ ಚಿತ್ರ ಹಾಕಿ, ‘ಬಿಹೈಂಡ್ ಟೆಕ್ಸ್ಟ್’ ಆರಿಸಿ, 21 x 29.7 ಸೆಂಟಿಮೀಟರ್‌ಗೆ ಹಿಗ್ಗಿಸಿ. ಪ್ರತಿ ಖಾಲಿ ಜಾಗದ ಮೇಲೆ ಒಂದೊಂದು ಟೆಕ್ಸ್ಟ್ ಬಾಕ್ಸ್ ಇಟ್ಟು, ಅದಕ್ಕೆ ‘ನೋ ಫಿಲ್’, ‘ನೋ ಔಟ್‌ಲೈನ್’ ಎರಡನ್ನೂ ಕೊಡಿ. ಒಂದನ್ನು ಮರೆತರೂ ಬಿಳಿ ಪಟ್ಟಿಯೋ ಗೆರೆಯೋ ಕಾಣುತ್ತದೆ. ನಿರ್ಮಲಾ ಯುಐ ಅಥವಾ ತುಂಗಾ ಫಾಂಟ್‌ನಲ್ಲಿ ಬರೆದು ಪಿಡಿಎಫ್ ಆಗಿ ಸೇವ್ ಮಾಡಿ. ಸ್ವಲ್ಪ ಜಾಸ್ತಿ ಕೆಲಸ ನಿಜ, ಆದರೆ ಒತ್ತಕ್ಷರ ಇದ್ದಲ್ಲೇ ಇರುತ್ತದೆ.

ಡಿಜಿಟಲ್ ಸಹಿ ಹಾಕಬೇಕಾದ ಫಾರಂ ಆದರೆ ಮೊದಲು ಫ್ಲ್ಯಾಟನ್, ಆಮೇಲೆ ಸಹಿ. ತಿರುಗಾಮುರುಗಾ ಮಾಡಿದರೆ ಸಹಿಯ ಚಿತ್ರ ಉಳಿಯುತ್ತದೆ, ಸಹಿ ಉಳಿಯಲ್ಲ. ಹಾಗೇ, ಆಧಾರ್ ನಂಬರ್ ಮುಚ್ಚಲು ಸುಮ್ನೆ ಬಿಳಿ ಬಾಕ್ಸ್ ಎಳೆಯಬೇಡಿ. ಕೆಳಗಿನ ಅಂಕಿಗಳು ಅಲ್ಲೇ ಇರುತ್ತವೆ, ಯಾರು ಬೇಕಾದರೂ ಕಾಪಿ ಮಾಡಿಕೊಳ್ಳಬಹುದು. ಪ್ರಿಂಟ್ ಟು ಪಿಡಿಎಫ್ ಮಾಡಿದರೂ ಕೆಲವೊಮ್ಮೆ ಅವು ಹೋಗಲ್ಲ. ಅದರ ಬದಲು ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಜಾಲತಾಣದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಿಗುತ್ತದೆ, ಅದನ್ನೇ ಲಗತ್ತಿಸಿ.