ಸೌದೆ ಸೀಳುವ ಮಿಷನ್ ಕೊಳ್ಳುವ ಮುನ್ನ

ಮೊದಲು ನಿಮ್ಮಲ್ಲಿರುವ ಮರ ಯಾವುದು ನೋಡಿ, ಮಿಷನ್ ಮಾತು ಆಮೇಲೆ. ಮೂಡಿಗೆರೆ, ಸಕಲೇಶಪುರದ ತೋಟಗಳ ಸಿಲ್ವರ್ ಓಕ್ ನೇರ ಎಳೆಯದು, ಹಸಿ ಇದ್ದಾಗ ಕೊಡಲಿಗೇ ಬಿಚ್ಚಿಕೊಳ್ಳುತ್ತದೆ. ಕಿತ್ತುಹಾಕಿದ ಕಾಫಿ ಗಿಡದ ಬುಡ ಹಾಗಲ್ಲ, ತಿರುಚಿಕೊಂಡು ಗಂಟುಗಂಟಾಗಿರುತ್ತದೆ. ನೀಲಗಿರಿಯ ಎಳೆ ಹೆಣೆದುಕೊಂಡಿರುವುದರಿಂದ ಒಣಗಿದ ಮೇಲೆ ಬೆಣೆ ಇಳಿಯುವುದೇ ಕಷ್ಟ. ಕಡಿದ ಕೆಲವೇ ದಿನಗಳಲ್ಲಿ ಸೀಳಿಬಿಡಬೇಕು. ಬಚ್ಚಲ ಹಂಡೆ ಒಲೆಗಷ್ಟೇ, ಅದೂ ಸಿಲ್ವರ್ ಓಕ್ ಆದರೆ, ಒಂದು ಕೊಡಲಿ, ಎರಡು ಕಬ್ಬಿಣದ ಬೆಣೆ, ದೊಡ್ಡ ಸುತ್ತಿಗೆ ಸಾಕು. ದುಡ್ಡು ಉಳಿಯಿತು.

ಮಿಷನ್ ಬೇಕೇ ಬೇಕು ಎಂದರೆ ಸ್ಟಿಕ್ಕರ್ ಮೇಲೆ ಬರೆದ ತಳ್ಳುವ ಬಲದ ಟನ್ ನಂಬಬೇಡಿ, ಲೆಕ್ಕ ಹಾಕಿ. ಹೈಡ್ರಾಲಿಕ್ ಮಿಷನ್ ಎಂದರೆ ಪಂಪು ಎಣ್ಣೆಯನ್ನು ಸಿಲಿಂಡರಿಗೆ ಒತ್ತಿ, ಆ ಬಲದಿಂದ ಬೆಣೆಯಲ್ಲಿ ದಿಮ್ಮಿ ಸೀಳುವಂಥದ್ದು. ಸಿಲಿಂಡರಿನ ಒಳವ್ಯಾಸ, ಪಂಪಿನ ಒತ್ತಡ (ಬಾರ್ ಲೆಕ್ಕದಲ್ಲಿ) ಎರಡನ್ನೂ ಕೇಳಿ. 75 ಮಿ.ಮೀ. ಸಿಲಿಂಡರಿಗೆ 160 ಬಾರ್ ಇದ್ದರೆ ಸುಮಾರು 7 ಟನ್; ಒಂದಡಿಯೊಳಗಿನ ನೇರ ದಿಮ್ಮಿಗೆ ಇದು ನಡೆಯುತ್ತದೆ. 100 ಮಿ.ಮೀ.ಗೆ 200 ಬಾರ್ ಆದರೆ ಸುಮಾರು 16 ಟನ್. ಕಾಫಿ ಬುಡ, ನೀಲಗಿರಿಗೆ ಇದೇ ಬೇಕು. ಆದರೆ ಸಿಲಿಂಡರ್ ದೊಡ್ಡದಾದಷ್ಟೂ ನಿಧಾನ. ನಿಮಿಷಕ್ಕೆ 20 ಲೀಟರ್ ಎಣ್ಣೆ ತಳ್ಳುವ ಪಂಪಿನಲ್ಲಿ 100 ಮಿ.ಮೀ. ಸಿಲಿಂಡರ್ ಅರ್ಧ ಮೀಟರ್ ಸಾಗಲು 12 ಸೆಕೆಂಡ್ ಬೇಕು.

ನಮ್ಮ ಕಡೆ ಹೆಚ್ಚು ಕೆಡಿಸುವುದು ಕರೆಂಟು. 3 ಎಚ್‌ಪಿ ಸಿಂಗಲ್ ಫೇಸ್ ಮೋಟಾರಿಗೆ ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಅದರ ತಿರುಗಿಸುವ ಬಲ ಶೇ. 60ರ ಆಸುಪಾಸಿಗೆ ಬರುತ್ತದೆ. ಗುಂಯ್ ಎನ್ನುತ್ತಾ ನಿಂತರೆ ವೈಂಡಿಂಗ್ ಸುಡುವುದು ಖಂಡಿತ. ಮನೆಯಿಂದ ಕೊಟ್ಟಿಗೆವರೆಗೆ ತೆಳು ವೈರ್ ಎಳೆದರೂ ಇದೇ ಗತಿ; 2.5 ಚದರ ಮಿ.ಮೀ.ಗಿಂತ ಸಣ್ಣದು ಬೇಡ, ದೂರವಿದ್ದರೆ 4 ಹಾಕಿ. ವೋಲ್ಟೇಜ್ ನಿಲ್ಲದ ಊರಾದರೆ ಪೆಟ್ರೋಲ್ ಎಂಜಿನ್ನಿನದು, ಟ್ರ್ಯಾಕ್ಟರ್ ಇದ್ದವರು ಅದರ ಹೈಡ್ರಾಲಿಕ್ಕಿಗೆ ಕೂಡಿಸುವಂಥದ್ದು ತೆಗೆದುಕೊಳ್ಳಿ.

ಶಂಕುವಿನಾಕಾರದ ಸ್ಕ್ರೂ ತಿರುಗುತ್ತಾ ದಿಮ್ಮಿಯೊಳಗೆ ಕೊರೆದು ಸೀಳುವ ‘ಸ್ಕ್ರೂ ಕೋನ್’ ಮಿಷನ್ ಅಗ್ಗವೆಂದು ಮರುಳಾಗಬೇಡಿ. ದಿಮ್ಮಿ ಕಚ್ಚಿಕೊಂಡರೆ ಅದೂ ಗರ್ರನೆ ತಿರುಗಿಬಿಡುತ್ತದೆ. ಪಂಚೆ, ಟವೆಲ್, ಸೀರೆ ಸೆರಗು ಸಿಕ್ಕಿದರೆ ಬಿಡಿಸಲು ಸಮಯವಿರುವುದಿಲ್ಲ. ಎರಡೂ ಕೈ ಹಿಡಿಕೆಗಳ ಮೇಲಿದ್ದರೆ ಮಾತ್ರ ಮುಂದೆ ಸಾಗುವ ಹೈಡ್ರಾಲಿಕ್ಕೇ ಮನೆಗೆ ಸರಿ.

ಅಂಗಡಿಯಲ್ಲಿ ನಿಮ್ಮದೇ ಒಂದು ಗಂಟಿನ ದಿಮ್ಮಿ ಒಯ್ದು ಸೀಳಿಸಿ ನೋಡಿ. ದಿಮ್ಮಿ ಕೂರುವ ಉಕ್ಕಿನ ಬೀಮ್ ಬಾಗುತ್ತದೆಯೇ, ಬೆಣೆಯ ಬುಡದ ವೆಲ್ಡಿಂಗ್ ಬಿರುಕು ಬಿಟ್ಟಿದೆಯೇ, ಸಿಲಿಂಡರಿನಿಂದ ಹೊರಬರುವ ರಾಡಿನ ಮೇಲೆ ಎಣ್ಣೆ ಜಿನುಗುತ್ತದೆಯೇ ಗಮನಿಸಿ. ಸಣ್ಣ ಕರೆಂಟ್ ಮಿಷನ್ನುಗಳಲ್ಲಿ ಗಾಳಿ ಬಿಡುವ ಸ್ಕ್ರೂ ಇದ್ದರೆ ಕೆಲಸಕ್ಕೆ ಮೊದಲು ಎರಡು ಮೂರು ಸುತ್ತು ಸಡಿಲಿಸಬೇಕು, ಸಾಗಿಸುವಾಗ ಬಿಗಿಯಬೇಕು. ಮರೆತರೆ ಒಳಗಿನ ಗಾಳಿಯೇ ಎಣ್ಣೆ ತಡೆಯುವ ಸೀಲು ಕೀಳುತ್ತದೆ. ದಿಮ್ಮಿ ಜಗ್ಗದಿದ್ದರೆ 5 ಸೆಕೆಂಡಿಗಿಂತ ಹೆಚ್ಚು ಒತ್ತಿಹಿಡಿಯದೆ, ಹಿಂದೆ ತೆಗೆದು, ಕಾಲು ಸುತ್ತು ತಿರುಗಿಸಿ ಮತ್ತೆ ಇಡಿ.