ಐವತ್ತು ನೋಡ್, ಒಂದು ಓಬವ್ವನ ಕಿಂಡಿ

ಟವರ್ ಇಲ್ಲದೆ ಫೋನಿಂದ ಫೋನಿಗೆ ಪ್ಯಾಕೆಟ್ (ಮಾಹಿತಿಯ ತುಣುಕು) ದಾಟಿಸುವ ಅಡ್‌ಹಾಕ್ ನೆಟ್‌ವರ್ಕ್ ನನ್ನ ಎಂ.ಟೆಕ್ ಪ್ರಾಜೆಕ್ಟ್. ಮೊದಲು ಎಲ್ಲರ ಹಾಗೆ ಎನ್‌ಎಸ್-2 ಅನ್ನೋ ನೆಟ್‌ವರ್ಕ್ ಸಿಮ್ಯುಲೇಟರಿನಲ್ಲಿ ರ‍್ಯಾಂಡಮ್ ವೇಪಾಯಿಂಟ್ ಅನ್ನೋ ನಡಿಗೆಯ ಮಾದರಿ ಕೊಟ್ಟು 50 ನೋಡ್ (ಫೋನ್ ಹಿಡಿದು ಓಡಾಡುವ ಜನ) ಓಡಿಸಿದೆ. ಇದರಲ್ಲಿ ನೋಡ್ ಎಲ್ಲೋ ಒಂದು ಜಾಗ ಆರಿಸಿಕೊಂಡು ಮೂಗಿನ ನೇರಕ್ಕೆ ನಡೆಯುತ್ತದೆ, ಸ್ವಲ್ಪ ನಿಲ್ಲುತ್ತದೆ, ಮತ್ತೆ ಇನ್ನೊಂದು ಜಾಗ. ಬಯಲಾದರೆ ಸರಿ. ನಾನು ತಗೊಂಡಿದ್ದು ಚಿತ್ರದುರ್ಗದ ಕೋಟೆ! ಅಲ್ಲಿ ಹತ್ತು ಹೆಜ್ಜೆ ನೇರ ಹೋದರೆ ಬಂಡೆ, ಇಲ್ಲಾಂದ್ರೆ ಗೋಡೆ.

2003ರಲ್ಲಿ ಜರ್ದೋಶ್ ಮತ್ತು ಸಂಗಡಿಗರು ಒಂದು ಪೇಪರಿನಲ್ಲಿ ಇದಕ್ಕೊಂದು ದಾರಿ ತೋರಿಸಿದ್ದರು. ಕಟ್ಟಡಗಳ ಮೂಲೆಗಳನ್ನು ಚುಕ್ಕಿ ಮಾಡಿ ವೊರೊನಾಯ್ ಗೆರೆ (ಹತ್ತಿರದ ಎರಡು ಚುಕ್ಕಿಗಳಿಂದ ಸಮದೂರದಲ್ಲಿ ಹಾಯುವ ಗೆರೆ) ಎಳೆದರೆ, ಎರಡು ಕಟ್ಟಡದ ನಟ್ಟನಡುವೆ ಹಾಯುವ ಕಾಲುದಾರಿಗಳು ಸಿಗುತ್ತವೆ. ಅದರ ಮೇಲೆ ಡೈಕ್‌ಸ್ಟ್ರಾ ಅಲ್ಗಾರಿದಮ್ ಓಡಿಸಿ ಹತ್ತಿರದ ದಾರಿ ಹಿಡಿಯುವುದು. ಗೆರೆ ಕಟ್ಟಡದ ಗೋಡೆಗೆ ತಾಗಿದ ಕಡೆ ಅವರು ಬಾಗಿಲು ಅಂತ ಇಟ್ಟುಕೊಂಡರು. ಬಂಡೆಗೆ ಎಲ್ಲಿಯ ಬಾಗಿಲು? ಬಂಡೆಯೊಳಗೆ ನುಗ್ಗುವ ಗೆರೆಗಳನ್ನು ಅಳಿಸಿದೆ. ದೊಡ್ಡ ಬಂಡೆಗೆ ಮೂಲೆಯ ಚುಕ್ಕಿ ಸಾಲದು, ಅಂಚಿನುದ್ದಕ್ಕೂ ಚುಕ್ಕಿ ಇಡಬೇಕು, ಇಲ್ಲದಿದ್ದರೆ ದಾರಿ ಅಂಕುಡೊಂಕಾಗಿ ಬರುತ್ತದೆ. ವೇಗ ಸೆಕೆಂಡಿಗೆ 0.5ರಿಂದ 1.5 ಮೀಟರ್ ಇಟ್ಟೆ. ಕನಿಷ್ಠ ವೇಗ ಸೊನ್ನೆ ಅಂತ ಮಾತ್ರ ಬಿಡಬೇಡಿ, ಕೆಲವು ನೋಡ್ ತೆವಳುತ್ತಾ ಉಳಿದು ಸರಾಸರಿ ವೇಗ ಇಳಿಯುತ್ತಲೇ ಹೋಗುತ್ತದೆ.

ಓಡಿಸಿದರೆ ಅರ್ಧ ಜನ ಓಬವ್ವನ ಕಿಂಡಿಯಲ್ಲೇ! ಹತ್ತಿರದ ದಾರಿ ಅದೇ ಅಲ್ವಾ. ಅಲ್ಲಿ ಬಗ್ಗಿ ನುಸುಳುವ ಕಷ್ಟ ನಕ್ಷೆಗೆ ಏನು ಗೊತ್ತು. ಆ ಗೆರೆಯ ಉದ್ದವನ್ನು ನಾಲ್ಕು ಪಟ್ಟು ಅಂತ ಸುಳ್ಳು ಹೇಳಿದೆ, ಗುಂಪು ಚದುರಿತು.

ಆದರೂ ರಿಸಲ್ಟ್, ಅಂದರೆ ತಲುಪಿದ ಪ್ಯಾಕೆಟ್‌ಗಳ ಲೆಕ್ಕ, ಅನುಮಾನ ಬರುವಷ್ಟು ಚೆನ್ನಾಗಿತ್ತು. ಖುಷಿಯಿಂದ ಗೈಡ್ ಮೇಡಂಗೆ ತೋರಿಸಿದೆ. ಅವರು ಒಂದೇ ಮಾತು ಕೇಳಿದರು: "ಅಲ್ಲಪ್ಪಾ, ಜನ ಬಂಡೆ ಸುತ್ತಿ ಹೋಗ್ತಾರೆ, ಸಿಗ್ನಲ್ ಮಾತ್ರ ಹ್ಯಾಗೆ ತೂರ್ಕೊಂಡು ಹೋಗುತ್ತೆ?"

ಒಂದು ವಾರದ ಕೆಲಸ ನೀರಲ್ಲಿ ಹೋಮ. ಎನ್‌ಎಸ್-2ರ ಟೂ ರೇ ಗ್ರೌಂಡ್ ಅನ್ನೋ ಸಿಗ್ನಲ್ ಮಾದರಿ ನೋಡುವುದು ದೂರವನ್ನು, ನಡುವೆ ಕಲ್ಲಿದೆಯಾ ಅಂತ ಅಲ್ಲ. ಮಾಮೂಲಿ ಸೆಟ್ಟಿಂಗಿನಲ್ಲಿ 250 ಮೀಟರ್ ಒಳಗಿದ್ದರೆ ಕೇಳಿಸಿತು ಅನ್ನುತ್ತದೆ. ಜರ್ದೋಶ್ ಪೇಪರಿನಲ್ಲಿ ಸಿಗ್ನಲ್ ತಡೆಯುವ ಭಾಗವೂ ಇತ್ತು, ನಾನೇ ಓದದೆ ಹಾರಿಸಿದ್ದೆ. ಆಮೇಲೆ ಪ್ರತಿ ಎರಡು ನೋಡ್ ನಡುವೆ ಗೆರೆ ಎಳೆದು, ಅದು ಯಾವುದಾದರೂ ಬಂಡೆಯನ್ನು ಕತ್ತರಿಸಿದರೆ ಆ ಪ್ಯಾಕೆಟ್ ಬಿಸಾಡುವ ಹಾಗೆ ಬರೆದೆ. ಗೋಡೆಯ ಆಚೆ ಈಚೆ ಇಪ್ಪತ್ತು ಮೀಟರಿನಲ್ಲಿದ್ದವರಿಗೂ ಸಂಪರ್ಕ ಇಲ್ಲ. ತಲುಪುವ ಪ್ಯಾಕೆಟ್ ದಡಕ್ಕನೆ ಇಳಿಯಿತು. ಪ್ಯಾಕೆಟ್‌ಗೆ ದಾರಿ ಹುಡುಕಿಕೊಡುವ ಎಓಡಿವಿ ಪ್ರೋಟೊಕಾಲ್ ಪಾಪ, ಆ ಹುಡುಕಾಟದಲ್ಲೇ ಸುಸ್ತು.

ಈಗಲೂ ನನ್ನ ನಕ್ಷೆ ಚಪ್ಪಟೆ. ಮೇಲುದುರ್ಗದಲ್ಲಿ ನಿಂತವನಿಗೆ ಕೆಳಗಿನ ಎಷ್ಟೋ ಬಂಡೆ ಅಡ್ಡವೇ ಬರುವುದಿಲ್ಲ, ಅದನ್ನು ಇನ್ನೂ ಸೇರಿಸಿಲ್ಲ.